ಟಿಕಿಂಟರ್: ಬಟನ್ ಒತ್ತಿದರೂ ಒಟ್ಟು ತೂಕ ಕೂಡುತ್ತಿಲ್ಲ, ಎರಡನೇ ವಿಂಡೋ ಖಾಲಿ

ಸಾಗರ_ಅಡಿಕೆ:
ನಮಸ್ಕಾರ. ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಪೈಥಾನ್ 3ರಲ್ಲಿ ತೂಕದ ಲೆಕ್ಕದ ಪ್ರೋಗ್ರಾಂ ಬರೆಯುತ್ತಿದ್ದೇನೆ. ವಿಂಡೋ, ಬಟನ್ ಕಟ್ಟಲು ಪೈಥಾನಿನ ಟಿಕಿಂಟರ್ ಲೈಬ್ರರಿ. ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ನಾಲ್ಕು ಬಟನ್, ಫಾರ್ ಲೂಪಿನಲ್ಲಿ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಕೊಟ್ಟು ಮಾಡಿದ್ದು. ಫೈಲಿನ ಮೇಲ್ಗಡೆ ಒಟ್ಟು = 0 ಇದೆ. ಫಂಕ್ಷನ್ ಒಳಗೆ

ಒಟ್ಟು += ತೂಕ

ಅಂದರೆ ಅನ್‌ಬೌಂಡ್‌ಲೋಕಲ್‌ಎರರ್. ಬರೀ ಒಟ್ಟು = ತೂಕ ಅಂದರೆ ಎರರ್ ಇಲ್ಲ, ಆದರೆ ಮೊತ್ತ 0 ಆಗಿಯೇ ಉಳಿಯುತ್ತದೆ. ಯಾವ ಬಟನ್ ಒತ್ತಿದರೂ ಲೆಕ್ಕ ಗೊರಬಲಿಗೇ ಬೀಳುತ್ತದೆ. ಪಟ್ಟಿ ತೋರಿಸುವ ಎರಡನೇ ವಿಂಡೋದಲ್ಲಿ ಲೇಬಲ್ ಖಾಲಿ. ಯಾಕೆ?

ತುಂಗಾ_ತೀರ:
ಫಂಕ್ಷನ್ ಒಳಗೆ ಎಲ್ಲೇ ಆಗಲಿ ಒಂದು ಹೆಸರಿಗೆ ಬೆಲೆ ಕೊಟ್ಟರೆ, ಆ ಫಂಕ್ಷನ್ ಪೂರ್ತಿ ಆ ಹೆಸರು ಲೋಕಲ್, ಅಂದರೆ ಅದರ ಒಳಗಷ್ಟೇ ಇರುವಂಥದ್ದು. ಇದು ಓಡುವಾಗ ಆಗುವ ತೀರ್ಮಾನವಲ್ಲ, ಕಂಪೈಲ್ ಆಗುವಾಗಲೇ ಆಗಿಬಿಟ್ಟಿರುತ್ತದೆ. += ಮೊದಲು ಹಳೆಯ ಬೆಲೆ ಓದಬೇಕು; ಲೋಕಲ್ ಒಟ್ಟುವಿನಲ್ಲಿ ಇನ್ನೂ ಏನೂ ಇಲ್ಲ, ಅದಕ್ಕೇ ಎರರ್. ಬರೀ = ಹಾಕಿದರೆ ಹೊಸ ಲೋಕಲ್ ಒಂದು ಹುಟ್ಟಿ, ಫಂಕ್ಷನ್ ಮುಗಿದಾಗ ಹೋಗುತ್ತದೆ. ಎರರ್ ಬರದ ಈ ಎರಡನೆಯದೇ ಹೆಚ್ಚು ಅಪಾಯ ಮಾರಾಯ್ರೆ, ಮಂಡಿಯಲ್ಲಿ ಲೆಕ್ಕ ತಪ್ಪಿದ್ದು ಯಾರಿಗೂ ಗೊತ್ತೇ ಆಗುವುದಿಲ್ಲ.

ಫಂಕ್ಷನ್‌ನ ಮೊದಲ ಸಾಲಿನಲ್ಲಿ ಗ್ಲೋಬಲ್ ಒಟ್ಟು ಎಂದರೆ ಫೈಲಿನ ಮೇಲ್ಗಡೆಯ ಒಟ್ಟುವೇ ಬದಲಾಗುತ್ತದೆ, ಸದ್ಯಕ್ಕೆ ನಡೆಯುತ್ತದೆ. ಫಂಕ್ಷನ್ ಒಳಗಿನ ಫಂಕ್ಷನ್ ಹೊರಗಿನದರ ಹೆಸರನ್ನು ಬದಲಿಸಬೇಕಾದರೆ ನಾನ್‌ಲೋಕಲ್. ಆದರೆ ನಾಲ್ಕು ಬಗೆಗೆ ನಾಲ್ಕು ಗ್ಲೋಬಲ್ ಮಾಡಬೇಡಿ. ಒಂದು ಕ್ಲಾಸ್ ಬರೆದು, ಬಗೆಗೊಂದು ಮೊತ್ತ ಹಿಡಿಯುವ ಸೆಲ್ಫ್.ಮೊತ್ತ ಎಂಬ ಡಿಕ್ಷನರಿ ಇಟ್ಟು, ಬಟನ್‌ಗಳಿಗೆ ಆ ಕ್ಲಾಸಿನ ಮೆಥಡ್ ಕೊಡಿ. ಸೆಲ್ಫ್.ಮೊತ್ತ["ರಾಶಿ"] += ತೂಕ ಎಂದಾಗ ಹೆಸರು ಬದಲಾಗುವುದಿಲ್ಲ, ಒಳಗಿನ ವಸ್ತು ಬದಲಾಗುತ್ತದೆ; ಗ್ಲೋಬಲ್ ಬೇಕೇ ಇಲ್ಲ.

ಗೊರಬಲಿನ ವಿಷಯ: ಲ್ಯಾಂಬ್ಡಾ ತನ್ನೊಳಗಿನ ಬಗೆ ಯಾವುದೆಂದು ನೋಡುವುದು ಬಟನ್ ಒತ್ತಿದಾಗ. ಅಷ್ಟರಲ್ಲಿ ಲೂಪ್ ಕೊನೆಯ ಹೆಸರಿಗೆ ಬಂದು ನಿಂತಿರುತ್ತದೆ. ಲ್ಯಾಂಬ್ಡಾ ಬ=ಬಗೆ: ಸೇರಿಸು(ಬ) ಎಂದು ಬರೆದರೆ ಆ ಸುತ್ತಿನ ಬೆಲೆ ಅಲ್ಲೇ ಕಟ್ಟಿಕೊಳ್ಳುತ್ತದೆ. ಲ್ಯಾಂಬ್ಡಾ ಬಿಟ್ಟು ಕಮಾಂಡ್=ಸೇರಿಸು(ಬಗೆ) ಎಂದರೆ ಇನ್ನೂ ಕೆಟ್ಟದ್ದು: ವಿಂಡೋ ಕಟ್ಟುವಾಗಲೇ ಒಮ್ಮೆ ಓಡಿ, ಬಟನ್ ಸತ್ತು ಕೂರುತ್ತದೆ.

ಹೊಸನಗರ_ಕೋಡ್:
ಲೇಬಲ್ ಖಾಲಿ ಇರಲು ಹೆಚ್ಚಾಗಿ ಎರಡು ಕಾರಣ. ಮುಖ್ಯ ವಿಂಡೋ ಮಾಡುವ ಟಿಕೆ()ಯನ್ನೇ ಎರಡನೇ ವಿಂಡೋಗೂ ಕರೆದಿದ್ದೀರಾ ನೋಡಿ. ಪ್ರತಿ ಟಿಕೆ() ಬೇರೆಯದೇ ಟಿಸಿಎಲ್ (ಟಿಕಿಂಟರ್ ಒಳಗೆ ಓಡುವ ಭಾಷೆ) ಇಂಟರ್‌ಪ್ರಿಟರ್. ಮಾಸ್ಟರ್ (ಯಾವ ವಿಂಡೋದ್ದು ಎಂದು) ಹೇಳದೆ ಮಾಡಿದ ಸ್ಟ್ರಿಂಗ್‌ವಾರ್ (ಲೇಬಲಿಗೆ ಪಠ್ಯ ಕೊಡುವ ವಸ್ತು) ಮೊದಲನೆಯದಕ್ಕೆ ಸೇರಿದ್ದು, ಎರಡನೆಯದಕ್ಕೆ ಅದು ಕಾಣುವುದಿಲ್ಲ. ಟಿಕೆ() ಒಂದೇ ಇರಲಿ, ಮಿಕ್ಕ ವಿಂಡೋಗಳಿಗೆಲ್ಲ ಟಾಪ್‌ಲೆವೆಲ್. ಅದು ಸರಿ ಇದ್ದರೆ, ಸ್ಟ್ರಿಂಗ್‌ವಾರ್ ಫಂಕ್ಷನ್‌ನ ಲೋಕಲ್ ಆಗಿರಬಹುದು. ಫಂಕ್ಷನ್ ಮುಗಿದ ಮೇಲೆ ಅದನ್ನು ಹಿಡಿದವರು ಯಾರೂ ಇಲ್ಲದೆ ಅಳಿಸಿಹೋಗುತ್ತದೆ, ಲೇಬಲ್ ಬರಿದಾಗಬಹುದು. ಸೆಲ್ಫ್.ಗೆ ಕಟ್ಟಿಡಿ. ಫೋಟೋಇಮೇಜ್ ಕಾಣೆಯಾಗುವುದೂ ಇದರಿಂದಲೇ.

ಸಾಗರ_ಅಡಿಕೆ:
ಟಿಕೆ() ಎರಡು ಸಲ ಇತ್ತು. ಟಾಪ್‌ಲೆವೆಲ್ ಹಾಕಿದೆ, ಸರಿಯಾಯಿತು. ಈಗ ಸೀರಿಯಲ್ ಪೋರ್ಟಿನಿಂದ ತೂಕದ ಯಂತ್ರ ಓದುವಾಗ ವಿಂಡೋ ಹೆಪ್ಪುಗಟ್ಟುತ್ತದೆ. ಥ್ರೆಡ್ (ಜೊತೆಯಲ್ಲೇ ಓಡುವ ಇನ್ನೊಂದು ಕೆಲಸ) ಹಾಕಿ ಅಲ್ಲಿಂದಲೇ ಲೇಬಲ್ ಬದಲಿಸಬಹುದೇ?

ತುಂಗಾ_ತೀರ:
ಥ್ರೆಡ್ ಹಾಕಿ, ಆದರೆ ಥ್ರೆಡ್ಡಿನಿಂದ ಲೇಬಲ್ ಮುಟ್ಟಬೇಡಿ. ಥ್ರೆಡ್ ಓದಿದ್ದನ್ನು ಕ್ಯೂ.ಕ್ಯೂ ಎಂಬ ಸಾಲಿಗೆ ಹಾಕಲಿ, ಅಷ್ಟೇ. ಮುಖ್ಯ ವಿಂಡೋದಲ್ಲಿ ಆಫ್ಟರ್(100, ನೋಡು) ಕೊಡಿ. ನೋಡು ಎಂಬ ಫಂಕ್ಷನ್ ಕ್ಯೂ ಖಾಲಿಯಾಗುವವರೆಗೆ ಗೆಟ್_ನೋವೇಟ್ (ಕಾಯದೆ ತೆಗೆಯುವುದು) ಮಾಡಿ, ಲೇಬಲ್ ಬದಲಿಸಿ, ಕೊನೆಯಲ್ಲಿ ತನ್ನನ್ನೇ ಮತ್ತೆ 100 ಮಿಲಿಸೆಕೆಂಡಿಗೆ ಹಚ್ಚಲಿ. ಇಲ್ಲೂ ನೋಡು ಎಂದಷ್ಟೇ ಬರೆಯಿರಿ, ಆವರಣ ಬೇಡ. ಥ್ರೆಡ್ಡಿಗೆ ಡೀಮನ್=ಟ್ರೂ ಕೊಡಿ, ಇಲ್ಲದಿದ್ದರೆ ವಿಂಡೋ ಮುಚ್ಚಿದರೂ ಪ್ರೋಗ್ರಾಂ ಓಡುತ್ತಲೇ ಇರುತ್ತದೆ.

ಹೊಸನಗರ_ಕೋಡ್:
ತೂಕವನ್ನು ಕಿಲೋದ ಫ್ಲೋಟ್ (ದಶಮಾಂಶ ಸಂಖ್ಯೆ) ಆಗಿ ಕೂಡಬೇಡಿ. 0.1 + 0.2 ಪೈಥಾನ್‌ನಲ್ಲಿ 0.30000000000000004. 65.4 ಕಿಲೋ ಬಂದರೆ 1000ದಿಂದ ಗುಣಿಸಿ ರೌಂಡ್ ಮಾಡಿ, 65400 ಗ್ರಾಂ ಎಂಬ ಪೂರ್ಣಾಂಕವಾಗಿ ಡಿಕ್ಷನರಿಯಲ್ಲಿಡಿ. ತೋರಿಸುವಾಗ ಮಾತ್ರ ಕಿಲೋ ಮಾಡಿ. ಕೈಯಲ್ಲಿ ತೂಕ ಹಾಕುವ ಖಾನೆಗೆ ಡಬಲ್‌ವಾರ್ (ದಶಮಾಂಶ ಸಂಖ್ಯೆ ಹಿಡಿಯುವ ವಸ್ತು) ಇದ್ದರೆ, ಖಾನೆ ಖಾಲಿ ಇದ್ದಾಗ ಗೆಟ್() ಟಿಸಿಎಲ್‌ಎರರ್ ಕೊಡುತ್ತದೆ. ಅದನ್ನು ಟ್ರೈಯಲ್ಲಿ ಹಿಡಿದು "ತೂಕ ಹಾಕಿ" ಎಂದು ತೋರಿಸಿ, 0 ಎಂದು ಸೇರಿಸಿಕೊಳ್ಳಬೇಡಿ.