ಲಗತ್ತು ತಡೆಯುವ ಅಧಿಕಾರವನ್ನು ಇಮೇಲ್ ತಂತ್ರಾಂಶಕ್ಕೆ ಕೊಟ್ಟವರು ಯಾರು?

ಖಾತೆಕಿರ್ದಿ:
ನಾನು ತೆರಿಗೆ ಸಲಹೆಗಾರ. ಕಳೆದ ವಾರ ಒಂದು ಸಹಕಾರ ಸಂಘದವರು ಸದಸ್ಯರ ಸಾಲದ ಲೆಕ್ಕವಿದ್ದ ಹಳೆಯ ಎಂಡಿಬಿ (ಮೈಕ್ರೋಸಾಫ್ಟ್ ಆಕ್ಸೆಸ್‌ನ ದತ್ತಾಂಶ) ಕಡತವನ್ನು ನನಗೆ ಇಮೇಲ್ ಮಾಡಿದರು. ಪತ್ರ ಬಂತು, ಲಗತ್ತು ಬರಲಿಲ್ಲ. ಅದರ ಜಾಗದಲ್ಲಿ ‘ಅಪಾಯಕಾರಿಯಾಗಿರಬಹುದಾದ ಲಗತ್ತನ್ನು ತಡೆಯಲಾಗಿದೆ’ ಎಂಬ ಒಂದು ಸಾಲು ಮಾತ್ರ ಇತ್ತು. ‘ಕಳುಹಿಸಿದವರನ್ನು ಬಲ್ಲೆ, ತೆರೆ’ ಎಂದು ಹೇಳಲು ಒಂದು ಗುಂಡಿಯೂ ಇರಲಿಲ್ಲ. ಕೊನೆಗೆ ಕಡತದ ಹೆಸರು ಬದಲಾಯಿಸಿ, ಪಾಸ್‌ವರ್ಡ್ ಹಾಕಿದ ಜಿಪ್ ಮಾಡಿಸಿ ತರಿಸಿಕೊಳ್ಳಬೇಕಾಯಿತು. ನನಗೆ ಬಂದ ಪತ್ರದಲ್ಲಿ ಯಾವುದನ್ನು ತೆರೆಯಬೇಕೆಂದು ತೀರ್ಮಾನಿಸಬೇಕಾದವನು ನಾನು. ನನ್ನ ಹೆಸರಿಗೆ ಬಂದ ಪೊಟ್ಟಣವನ್ನು ‘ಒಳಗೆ ಏನೋ ಇರಬಹುದು’ ಎಂದು ಅಂಚೆಯವನು ತಾನೇ ಇಟ್ಟುಕೊಂಡರೆ ನಾವು ಸುಮ್ಮನಿರುತ್ತೇವೆಯೆ? ತಂತ್ರಾಂಶ ಎಚ್ಚರಿಕೆ ಕೊಡಲಿ, ಆದರೆ ತಡೆಯಬಾರದು.

ಹಳೇಮೋಡೆಮ್:
‘ಎಚ್ಚರಿಕೆ ಕೊಡಲಿ’ ಎನ್ನುವವರು ಹಿಂದಿನದನ್ನು ಸ್ವಲ್ಪ ತಿರುವಿ ನೋಡಬೇಕು. 1999ರ ಮಾರ್ಚ್‌ನಲ್ಲಿ ಮೆಲಿಸಾ ವೈರಸ್ ಹರಡಿದಾಗ ವರ್ಡ್ 97 ‘ಈ ದಾಖಲೆಯಲ್ಲಿ ಮ್ಯಾಕ್ರೋಗಳಿವೆ’ (ಅಂದರೆ ದಾಖಲೆಯೊಳಗೇ ಇರುವ ಪುಟ್ಟ ಪ್ರೋಗ್ರಾಂಗಳಿವೆ) ಎಂದು ಎಚ್ಚರಿಸುತ್ತಲೇ ಇತ್ತು. ಆದರೂ ಜನ ನಡೆಸಲು ಒಪ್ಪಿಗೆ ಕೊಟ್ಟರು. ಅದು ಔಟ್‌ಲುಕ್ ವಿಳಾಸಪಟ್ಟಿಯ ಮೊದಲ 50 ಮಂದಿಗೆ ತನ್ನನ್ನು ತಾನೇ ಕಳುಹಿಸಿಕೊಂಡಿತು. ಮರುವರ್ಷ ಮೇ ತಿಂಗಳಲ್ಲಿ ‘ಐ ಲವ್ ಯೂ’ ಎಂಬ ತಲೆಬರಹ ಹೊತ್ತು ಬಂದ ವಿಬಿಎಸ್ (ತೆರೆದೊಡನೆ ನಡೆಯುವ ಸ್ಕ್ರಿಪ್ಟ್) ಕಡತವು 50ಕ್ಕೆ ನಿಲ್ಲದೆ ಇಡೀ ವಿಳಾಸಪಟ್ಟಿಗೆ ಹರಡಿತು, ಬಳಕೆದಾರರ ಜೆಪಿಜಿ ಚಿತ್ರಗಳನ್ನು ಹಾಳುಮಾಡಿತು, ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ತನ್ನ ಇಮೇಲ್ ವ್ಯವಸ್ಥೆಯನ್ನೇ ಸ್ಥಗಿತಗೊಳಿಸುವಂತೆ ಮಾಡಿತು. ಮೈಕ್ರೋಸಾಫ್ಟ್ ಇಂತಹ ಲಗತ್ತುಗಳನ್ನು ಪೂರ್ತಿ ತಡೆಯುವ ಪರಿಷ್ಕರಣೆಯನ್ನು ಹೊರತಂದದ್ದು ಅದರ ಮರುತಿಂಗಳು. ಅಲ್ಲಿಯವರೆಗೆ ನಾವೆಲ್ಲ ನಿಮ್ಮ ಎಚ್ಚರಿಕೆಯ ಮಾರ್ಗದಲ್ಲೇ ನಡೆದಿದ್ದೆವು.

ಖಾತೆಕಿರ್ದಿ:
ವಿಬಿಎಸ್ ಕಡತವೆಂದು ಇಂದು ಹೇಳುವುದು ಸುಲಭ. ಅಂದು ಅದನ್ನು ತೆರೆದವರಿಗೆ ಕಂಡದ್ದು ಬರಿಯ ಪಠ್ಯಕಡತದಂತೆ ಟಿಎಕ್ಸ್‌ಟಿ ಎಂದು ಮುಗಿಯುವ ಹೆಸರು. ಕಡತದ ಬಗೆ ಹೇಳಲು ಹೆಸರಿನ ಕೊನೆಗೆ ಬರುವ ಪರಿಚಿತ ಎಕ್ಸ್‌ಟೆನ್ಷನ್‌ಗಳನ್ನು ವಿಂಡೋಸ್ ತಾನಾಗಿಯೇ ಮರೆಮಾಚುತ್ತಿದ್ದುದರಿಂದ ಕೊನೆಯ ವಿಬಿಎಸ್ ಅವರ ಕಣ್ಣಿಗೆ ಬೀಳಲೇ ಇಲ್ಲ. ವಿಂಡೋಸ್ 11ರಲ್ಲಿಯೂ ಅದೇ ಪದ್ಧತಿ ಮುಂದುವರಿದಿದೆ. ನೋಡಬೇಕಾದದ್ದನ್ನು ಮುಚ್ಚಿಟ್ಟು, ಆಮೇಲೆ ‘ಬಳಕೆದಾರನಿಗೆ ವಿವೇಚನೆಯಿಲ್ಲ’ ಎಂದು ತೀರ್ಪು ಕೊಡುವುದು ಯಾವ ನ್ಯಾಯ?

ರಾತ್ರಿಪಾಳಿ:
ಮೆಲಿಸಾ ಪುರಾಣ ಹಾಗಿರಲಿ. ‘ಹೆಸರು ಬದಲಾಯಿಸಿ, ಪಾಸ್‌ವರ್ಡ್ ಹಾಕಿದ ಜಿಪ್ ಮಾಡಿಸಿ’ ತರಿಸಿಕೊಂಡೆನೆಂದು ನೀವು ಸಾಧನೆಯಂತೆ ಬರೆದಿದ್ದೀರಿ. ಹಲವು ಕಚೇರಿಗಳ ಮೇಲ್ ಸರ್ವರ್ ನೋಡಿಕೊಳ್ಳುವ ನನಗೆ ಬೆಚ್ಚಿಬೀಳಿಸಿದ ವಾಕ್ಯ ಅದೇ. 2004ರಲ್ಲಿ ಬ್ಯಾಗಲ್ ಎಂಬ ಹುಳು (ತನ್ನನ್ನು ತಾನೇ ಹರಡಿಕೊಳ್ಳುವ ಕುತಂತ್ರಾಂಶ) ಮಾಡಿದ್ದು ಅದನ್ನೇ: ತನ್ನನ್ನು ಪಾಸ್‌ವರ್ಡ್ ಇರುವ ಜಿಪ್‌ನಲ್ಲಿ ಅಡಗಿಸಿಕೊಂಡು, ಪಾಸ್‌ವರ್ಡನ್ನು ಅದೇ ಪತ್ರದಲ್ಲಿ ಬರೆದು ಕಳುಹಿಸುತ್ತಿತ್ತು. ವೈರಸ್ ಹುಡುಕುವ ಸ್ಕ್ಯಾನರ್‌ಗಳು ಪತ್ರದಿಂದ ಪಾಸ್‌ವರ್ಡ್ ಓದಿಕೊಳ್ಳಲು ಕಲಿತಾಗ ಅದರ ಮುಂದಿನ ಅವತಾರಗಳು ಪಾಸ್‌ವರ್ಡನ್ನು ಚಿತ್ರವಾಗಿ ಕಳುಹಿಸಿದವು. 2020ರಲ್ಲಿ ಎಮೋಟೆಟ್ ಎಂಬ ಕುತಂತ್ರಾಂಶ ಕೂಡ ಪಾಸ್‌ವರ್ಡ್ ಇರುವ ಜಿಪ್‌ಗಳನ್ನು ಬಳಸಿತು. ಅಂತಹ ಲಗತ್ತಿನ ಒಳಗೇನಿದೆ ಎಂದು ನನ್ನ ಸರ್ವರ್‌ಗೆ ಕಾಣುವುದಿಲ್ಲ. ತಡೆ ಇದ್ದದ್ದಕ್ಕೇ ನೀವು ಈ ಅಡ್ಡದಾರಿ ಹಿಡಿದಿರಿ ಎಂದು ವಾದಿಸಬೇಡಿ.

ಖಾತೆಕಿರ್ದಿ:
ಅದನ್ನೇ ವಾದಿಸುತ್ತೇನೆ. ಬಿಚ್ಚಿದ ಕಡತವನ್ನು ನಿಮ್ಮ ಸರ್ವರ್ ಪರೀಕ್ಷಿಸಬಹುದಿತ್ತು. ತಡೆಯ ಭಯದಿಂದ ಅದನ್ನು ಮುಚ್ಚಿ ಕಳುಹಿಸುವಂತೆ ಮಾಡಿದ್ದು ನಿಮ್ಮ ನಿಯಮ. ಇನ್ನು, ಪಾಸ್‌ವರ್ಡ್ ಹಾಕಿದ ಲಗತ್ತು ಅಷ್ಟು ಘೋರವಾದರೆ ನಮ್ಮ ಬ್ಯಾಂಕುಗಳು ಪ್ರತಿ ತಿಂಗಳು ಕಳುಹಿಸುವ ಪಾಸ್‌ವರ್ಡ್ ಇರುವ ಪಿಡಿಎಫ್ ಲೆಕ್ಕಪಟ್ಟಿಗಳನ್ನು ಏಕೆ ತಡೆಯುವುದಿಲ್ಲ? ಇ-ಆಧಾರ್ ಸಿಗುವುದೇ ಪಾಸ್‌ವರ್ಡ್ ಇರುವ ಪಿಡಿಎಫ್ ಆಗಿ. ದೊಡ್ಡವರು ಕಳುಹಿಸಿದರೆ ಭದ್ರತೆ, ಸಹಕಾರ ಸಂಘದ ಗುಮಾಸ್ತ ಕಳುಹಿಸಿದರೆ ಅಡ್ಡದಾರಿ!

ಶರಾವತಿ:
ಇ-ಆಧಾರ್ ಉದಾಹರಣೆ ನಿಮ್ಮ ವಾದಕ್ಕೆ ನೆರವಾಗುವುದಿಲ್ಲ. ಅದರ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರಗಳು ಮತ್ತು ಹುಟ್ಟಿದ ವರ್ಷ. ಅಕ್ಕಪಕ್ಕದ ಮನೆಯವರಿಗೂ ತಿಳಿದಿರುವ ಸಂಗತಿಗಳು. ಇಂತಹ ಪಾಸ್‌ವರ್ಡುಗಳಿಂದ ಆಗಿರುವುದೆಂದರೆ ‘ಲಗತ್ತು ಬಂತು, ಪಾಸ್‌ವರ್ಡ್ ಒತ್ತು, ತೆರೆ’ ಎಂಬ ಅಭ್ಯಾಸ ಕೋಟ್ಯಂತರ ಜನರ ಕೈಗೆ ಅಂಟಿಕೊಂಡಿರುವುದು. ಜಪಾನಿನ ಕಚೇರಿಗಳಲ್ಲಿ ಜಿಪ್ ಒಂದು ಪತ್ರದಲ್ಲಿ, ಅದರ ಪಾಸ್‌ವರ್ಡ್ ಹಿಂದೆಯೇ ಬರುವ ಇನ್ನೊಂದು ಪತ್ರದಲ್ಲಿ ಎಂಬ ಸಂಪ್ರದಾಯ ಬೇರೂರಿತ್ತು. 2020ರ ನವೆಂಬರ್‌ನಲ್ಲಿ ಅಲ್ಲಿನ ಡಿಜಿಟಲ್ ಸುಧಾರಣೆಯ ಸಚಿವ ಹಿರಾಯಿ ತಾಕುಯಾ ಅವರು ಸಂಪುಟ ಕಚೇರಿಯಲ್ಲಿ ಅದನ್ನು ಕೈಬಿಡುವುದಾಗಿ ಘೋಷಿಸಿದರು. ಎರಡೂ ಪತ್ರಗಳು ಒಂದೇ ದಾರಿಯಲ್ಲಿ ಹೋಗುವಾಗ ಪಾಸ್‌ವರ್ಡಿನಿಂದ ಕಳ್ಳನಿಗೆ ಅಡ್ಡಿಯಿಲ್ಲ, ಸ್ಕ್ಯಾನರ್‌ಗೆ ಮಾತ್ರ ಅಡ್ಡಿ.

ಖಾತೆಕಿರ್ದಿ:
‘ಅಕ್ಕಪಕ್ಕದ ಮನೆಯವರಿಗೂ ತಿಳಿದಿರುವ’ ಎಂದಿರಿ. ಬ್ಯಾಂಕ್ ಲೆಕ್ಕಪಟ್ಟಿ ತಪ್ಪಿ ಬೇರೊಬ್ಬರ ವಿಳಾಸಕ್ಕೆ ಹೋದರೆ ಆ ಅಪರಿಚಿತರಿಗೆ ನನ್ನ ಹುಟ್ಟಿದ ವರ್ಷವಾಗಲಿ ಪ್ಯಾನ್ ಸಂಖ್ಯೆಯಾಗಲಿ ತಿಳಿದಿರುವುದಿಲ್ಲ; ಆ ಪಾಸ್‌ವರ್ಡ್ ಇರುವುದು ಅದಕ್ಕಾಗಿ. ಜಪಾನಿನ ಸಚಿವರು ಏನು ಮಾಡಿದರೆಂದು ತಿಳಿದು ಸಂತೋಷವಾಯಿತು. ನನ್ನ ಕಕ್ಷಿದಾರರು ಶಿರಾಳಕೊಪ್ಪದಲ್ಲಿದ್ದಾರೆ.

ರಾತ್ರಿಪಾಳಿ:
ಶಿರಾಳಕೊಪ್ಪಕ್ಕೆ ಬರುವ ವೈರಸ್ ಬೇರೆಯೆ, ಸ್ವಾಮಿ? ಪಾಸ್‌ವರ್ಡ್ ಹಾಕಿದರೂ ಜಿಪ್ ಒಳಗಿನ ಕಡತಗಳ ಹೆಸರು ಸಾಮಾನ್ಯವಾಗಿ ಹೊರಗೆ ಕಾಣುತ್ತದೆ. ಮುಚ್ಚುವುದು ಒಳಗಿನ ಮಾಹಿತಿಯನ್ನು ಮಾತ್ರ. ಜಿಮೇಲ್ ಆ ಹೆಸರುಗಳನ್ನು ಓದಿಯೇ ಜಿಪ್ ಒಳಗಿನ ಇಎಕ್ಸ್‌ಇ, ಜೆಎಆರ್‌ನಂತಹ ಪ್ರೋಗ್ರಾಂ ಕಡತಗಳನ್ನು ತಡೆಯುತ್ತದೆ. ನೀವು ಕಡತದ ಹೆಸರನ್ನೂ ಬದಲಾಯಿಸಲು ಹೇಳಿಕೊಟ್ಟಿದ್ದೀರಿ. ಅಂದರೆ ಒಬ್ಬ ಗುಮಾಸ್ತನಿಗೆ ವೈರಸ್ ಬರೆಯುವವರ ಎರಡು ಉಪಾಯಗಳನ್ನೂ ಕಲಿಸಿ, ಅದನ್ನು ಸ್ವಾತಂತ್ರ್ಯ ಎಂದು ಕರೆಯುತ್ತಿದ್ದೀರಿ. ಇದು ಶುದ್ಧ ಬೇಜವಾಬ್ದಾರಿ.

ಖಾತೆಕಿರ್ದಿ:
ಬೇಜವಾಬ್ದಾರಿ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಜನರ ಲೆಕ್ಕಪತ್ರ ಕಾಯುವುದೇ ನನ್ನ ವೃತ್ತಿ. ರಿಟರ್ನ್ ಸಲ್ಲಿಸಲು ಆದಾಯ ತೆರಿಗೆ ಇಲಾಖೆ ಒದಗಿಸುವ ಎಕ್ಸೆಲ್ ಯುಟಿಲಿಟಿ ನಡೆಯುವುದು ಮ್ಯಾಕ್ರೋಗಳಿಂದ. ಟಿಡಿಎಸ್ ರಿಟರ್ನ್ ತಯಾರಿಸುವ ಅಧಿಕೃತ ಸಾಧನ ಜಾವಾದಲ್ಲಿದ್ದು, ಜೆಎಆರ್ ಕಡತವಾಗಿ ಸಿಗುತ್ತದೆ. ಸರ್ಕಾರವೇ ಮ್ಯಾಕ್ರೋ ನಡೆಸಿ, ಜೆಎಆರ್ ತೆರೆಯಿರಿ ಎನ್ನುವಾಗ, ಅವನ್ನು ಕಕ್ಷಿದಾರನಿಗೆ ಕಳುಹಿಸಿದ ನಾನು ಅಪರಾಧಿಯೆ?

ಶರಾವತಿ:
ಅವನ್ನು ನೀವು ಇಮೇಲ್‌ನಲ್ಲಿ ಕಳುಹಿಸುವ ಅಗತ್ಯವೇ ಇಲ್ಲ. ಅಧಿಕೃತ ಜಾಲತಾಣದ ವಿಳಾಸ ಕೊಟ್ಟರೆ ಅವರೇ ಇಳಿಸಿಕೊಳ್ಳುತ್ತಾರೆ, ಹೊಸ ಆವೃತ್ತಿಯೂ ಸಿಗುತ್ತದೆ.

ಹಳೇಮೋಡೆಮ್:
ಅಂಚೆಯ ಉದಾಹರಣೆಯನ್ನು ಎಲ್ಲರೂ ಹಾಗೇ ಬಿಟ್ಟುಬಿಟ್ಟಿರಿ. 1898ರ ಅಂಚೆ ಕಚೇರಿ ಕಾಯ್ದೆಯ 19ನೆಯ ಕಲಮು ಸ್ಫೋಟಕ ಮತ್ತು ಅಪಾಯಕಾರಿ ವಸ್ತುಗಳನ್ನು ಅಂಚೆಯಲ್ಲಿ ಕಳುಹಿಸುವುದನ್ನೇ ನಿಷೇಧಿಸಿತ್ತು. ಅದರ ಸ್ಥಾನಕ್ಕೆ ಬಂದ 2023ರ ಕಾಯ್ದೆಯೂ ಸಾರ್ವಜನಿಕ ಸುರಕ್ಷತೆಯಂತಹ ಕಾರಣಗಳಿಗೆ ಅಂಚೆ ವಸ್ತುವನ್ನು ತಡೆದು ತೆರೆಯಲು ಅವಕಾಶ ಕೊಡುತ್ತದೆ. ಅಂಚೆಯವನು ನಿಮ್ಮ ಪೊಟ್ಟಣವನ್ನು ಇಟ್ಟುಕೊಳ್ಳಬಹುದು, ಖಾತೆಕಿರ್ದಿಯವರೆ.

ಖಾತೆಕಿರ್ದಿ:
ಅಲ್ಲಿ ಸಂಸತ್ತು ಮಾಡಿದ ಕಾಯ್ದೆ ಬೇಕು, ಅಧಿಕಾರ ಪಡೆದ ಅಧಿಕಾರಿ ಬೇಕು. ಇಲ್ಲಿ ಯಾವುದೋ ಕಂಪನಿಯ ಎಂಜಿನಿಯರ್ ಒಂದು ಪಟ್ಟಿ ಬರೆದರೆ ಮುಗಿಯಿತು. ನನ್ನ ಉದಾಹರಣೆ ನೀವು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿದೆ.

ಬೈಟೂಕಾಫಿ:
ಆ ಪಟ್ಟಿಯ ಬಗ್ಗೆ ಯಾರೂ ಮಾತನಾಡುತ್ತಿಲ್ಲವಲ್ಲ! ಔಟ್‌ಲುಕ್ ಪಟ್ಟಿಯಲ್ಲಿ ಎಂಡಿಬಿ ಇದೆ; ಜಿಮೇಲ್ ಪ್ರಕಟಿಸಿರುವ ಪಟ್ಟಿಯಲ್ಲಿ ಎಂಡಿಇ (ಆಕ್ಸೆಸ್‌ನದೇ ಇನ್ನೊಂದು ಬಗೆಯ ಕಡತ) ಇದೆಯೇ ಹೊರತು ಎಂಡಿಬಿ ಕಾಣುವುದಿಲ್ಲ. ಕುತಂತ್ರಕ್ಕೆ ಹೇರಳವಾಗಿ ಬಳಕೆಯಾಗುತ್ತಿದ್ದ ಜೆಎಸ್ (ಜಾವಾಸ್ಕ್ರಿಪ್ಟ್) ಕಡತಗಳನ್ನು ಜಿಮೇಲ್ ತಡೆಯತೊಡಗಿದ್ದು 2017ರ ಫೆಬ್ರುವರಿಯಲ್ಲಿ. ಹಿಂದಿನ ವರ್ಷವೇ ಲಾಕಿ ಎಂಬ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಜೆಎಸ್ ಲಗತ್ತುಗಳ ಮೂಲಕ ಊರೆಲ್ಲ ಸುತ್ತಿಯಾಗಿತ್ತು. ಇನ್ನು 2011ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದ ಆರ್‌ಎಸ್‌ಎ ಪ್ರಕರಣ: ಲೋಕಕ್ಕೆಲ್ಲ ಭದ್ರತಾ ಟೋಕನ್ ಮಾರುವ ಆ ಸಂಸ್ಥೆಯೊಳಗೆ ಕಳ್ಳರು ನುಗ್ಗಿದ್ದು ‘2011ರ ನೇಮಕಾತಿ ಯೋಜನೆ’ ಎಂಬ ಎಕ್ಸೆಲ್ ಲಗತ್ತಿನ ಮೂಲಕ. ಅದರೊಳಗೆ ಫ್ಲ್ಯಾಶ್ ತಂತ್ರಾಂಶದ ಅದುವರೆಗೆ ಯಾರಿಗೂ ತಿಳಿಯದ ದೋಷವನ್ನು ಬಳಸುವ ವಸ್ತು ಇತ್ತು. ಎಕ್ಸೆಲ್ ಯಾವ ತಡೆಪಟ್ಟಿಯಲ್ಲಿದೆ? ಅದನ್ನೂ ತಡೆದರೆ ನಾಳೆ ಬೆಳಗ್ಗೆ ಒಂದು ಕಚೇರಿಯೂ ತೆರೆಯುವುದಿಲ್ಲ.

ರಾತ್ರಿಪಾಳಿ:
ಅರ್ಧ ಕಥೆ ಹೇಳಿ ನಿಲ್ಲಿಸಿದಿರಿ. ಆ ಪತ್ರವನ್ನು ಶೋಧಕ ಗುರುತಿಸಿ ಜಂಕ್ ಫೋಲ್ಡರ್‌ಗೆ ಹಾಕಿತ್ತು. ಒಬ್ಬ ಉದ್ಯೋಗಿ ತಾನೇ ಅದನ್ನು ಹೊರಗೆಳೆದು ತೆರೆದ. ಯಂತ್ರ ಸರಿಯಾಗಿ ಅನುಮಾನಿಸಿತು, ಕೊನೆಯ ಅಧಿಕಾರ ಮನುಷ್ಯನಿಗೆ ಕೊಟ್ಟದ್ದರಿಂದ ಅನಾಹುತವಾಯಿತು. ಖಾತೆಕಿರ್ದಿಯವರು ಕೇಳುತ್ತಿರುವ ಗುಂಡಿ ಅದೇ ಅಲ್ಲವೆ? ತಡೆ ಫಲ ಕೊಡುತ್ತದೆ ಎಂಬುದಕ್ಕೆ ಅಂಕಿಯೂ ಇದೆ. ಅಂತರ್ಜಾಲದಿಂದ ಬಂದ ದಾಖಲೆಗಳ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯುವುದಾಗಿ ಮೈಕ್ರೋಸಾಫ್ಟ್ 2022ರ ಫೆಬ್ರುವರಿಯಲ್ಲಿ ಪ್ರಕಟಿಸಿತು. 2021ರ ಅಕ್ಟೋಬರ್‌ನಿಂದ 2022ರ ಜೂನ್ ನಡುವೆ ದಾಳಿಕೋರರು ಮ್ಯಾಕ್ರೋ ಇರುವ ಲಗತ್ತು ಬಳಸುವುದು ಸುಮಾರು ಶೇ. 66ರಷ್ಟು ಕುಸಿಯಿತೆಂದು ಇಮೇಲ್ ಭದ್ರತೆಯ ಕಂಪನಿ ಪ್ರೂಫ್‌ಪಾಯಿಂಟ್ ವರದಿ ಮಾಡಿದೆ.

ಬೈಟೂಕಾಫಿ:
ಅದೇ ವರದಿಯ ಮುಂದಿನ ಸಾಲನ್ನು ಏಕೆ ಬಿಟ್ಟಿರಿ? ಅದೇ ಅವಧಿಯಲ್ಲಿ ಜಿಪ್‌ನಂತೆ ಬೇರೆ ಕಡತಗಳನ್ನು ಒಳಗಿಟ್ಟುಕೊಳ್ಳುವ ಐಎಸ್‌ಒ, ಆರ್‌ಎಆರ್ ಮತ್ತು ಎಲ್‌ಎನ್‌ಕೆ (ಶಾರ್ಟ್‌ಕಟ್) ಕಡತಗಳ ಬಳಕೆ ಸುಮಾರು ಶೇ. 175ರಷ್ಟು ಏರಿತು. 2023ರ ಆರಂಭದಲ್ಲಿ ಕಳ್ಳರು ಮೈಕ್ರೋಸಾಫ್ಟಿನ ಟಿಪ್ಪಣಿ ತಂತ್ರಾಂಶವಾದ ಒನ್‌ನೋಟ್‌ನ ಕಡತಗಳಿಗೆ ಹಾರಿದರು, ಆಗ ಮೈಕ್ರೋಸಾಫ್ಟ್ ಅದಕ್ಕೂ ಬೇಲಿ ಹಾಕಬೇಕಾಯಿತು.

ರಾತ್ರಿಪಾಳಿ:
ಏರಿದ್ದು ಶೇಕಡಾವಾರು. ಸಣ್ಣ ಸಂಖ್ಯೆ ಇಮ್ಮಡಿಯಾದರೂ ಸಣ್ಣದಾಗಿಯೇ ಉಳಿಯಬಹುದು.

ಬೈಟೂಕಾಫಿ:
ನಿಮ್ಮ 66 ಕೂಡ ಶೇಕಡಾವಾರೇ.

ಬಯಲುಸೀಮೆ:
ತಡವಾಗಿ ಬಂದಿದ್ದೇನೆ. ಎಲ್ಲರೂ ಇಮೇಲ್ ಬಾಗಿಲನ್ನೇ ಕಾಯುತ್ತಿದ್ದೀರಿ. 2016ರಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ 8.1 ಕೋಟಿ ಡಾಲರ್ ಫಿಲಿಪ್ಪೀನ್ಸ್‌ಗೆ ಹೋಯಿತಲ್ಲ, ಅಮೆರಿಕದ ತನಿಖಾ ದಾಖಲೆಯ ಪ್ರಕಾರ ಆ ಬ್ಯಾಂಕಿನವರಿಗೆ ಮೊದಲು ಬಂದದ್ದು ಕೆಲಸ ಕೇಳುವ ಪತ್ರ; ಅದರಲ್ಲಿ ಇದ್ದದ್ದು ಸ್ವವಿವರದ ಲಿಂಕ್. ಲಗತ್ತು ತಡೆಯುವ ಯಾವ ಪಟ್ಟಿಯೂ ಅದನ್ನು ಹಿಡಿಯುತ್ತಿರಲಿಲ್ಲ. ನಮ್ಮಲ್ಲಿ ಈಗ ಆರ್‌ಟಿಒ ಚಲನ್, ಮದುವೆಯ ಕರೆಯೋಲೆ ಎಂಬ ಹೆಸರಿನ ಎಪಿಕೆಗಳು (ಆಂಡ್ರಾಯ್ಡ್ ಫೋನಿನ ಆ್ಯಪ್ ಕಡತಗಳು) ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿವೆ, ಪೊಲೀಸರು ಎಚ್ಚರಿಸುತ್ತಲೇ ಇದ್ದಾರೆ. ಎಪಿಕೆಯನ್ನು ಜಿಮೇಲ್ ತಡೆಯುತ್ತದೆ. ಆದ್ದರಿಂದ ಕಳ್ಳ ಜಿಮೇಲ್‌ಗೆ ಬರುವುದೇ ಇಲ್ಲ.

ರಾತ್ರಿಪಾಳಿ:
‘ಜಿಮೇಲ್‌ಗೆ ಬರುವುದೇ ಇಲ್ಲ’ ಎಂದು ನೀವೇ ಬರೆದಿದ್ದೀರಿ, ಧನ್ಯವಾದ. ಇಮೇಲ್‌ನಲ್ಲಿ ತಡೆ ಗೆದ್ದಿದೆ; ವಾಟ್ಸ್‌ಆ್ಯಪ್‌ನಲ್ಲಿಯೂ ಬೇಕು ಎಂಬುದಷ್ಟೇ ಅದರಿಂದ ಸಿದ್ಧವಾಗುವುದು. ಇನ್ನು ಖಾತೆಕಿರ್ದಿಯವರು ಗುಂಡಿಯೇ ಇಲ್ಲವೆಂದು ದೂರಿದ್ದಾರೆ. ವಿಂಡೋಸ್‌ನ ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಒಂದು ಬಗೆಯ ಕಡತವನ್ನು ತಡೆಪಟ್ಟಿಯಿಂದ ಬಿಡಿಸಲು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ಅವಕಾಶವಿದೆ. ಕಚೇರಿಯ ಆಡಳಿತಗಾರ ಒಪ್ಪದಿದ್ದರೆ ಮಾತ್ರ ಅದು ಕೆಲಸ ಮಾಡುವುದಿಲ್ಲ.

ಖಾತೆಕಿರ್ದಿ:
ನನ್ನ ಕಚೇರಿಯಲ್ಲಿ ನಾನು, ನನ್ನ ಸಹಾಯಕ, ಒಂದು ಪ್ರಿಂಟರ್. ಆಡಳಿತಗಾರ ಎಂದರೆ ಯಾರು? ಗುಂಡಿ ಇದೆ ಎಂದು ನೀವೇ ಹೇಳುತ್ತಿದ್ದೀರಿ. ಇದ್ದ ಗುಂಡಿಯನ್ನು ರಿಜಿಸ್ಟ್ರಿಯ ಒಳಗೆ ಬಚ್ಚಿಟ್ಟದ್ದು ಏಕೆ?

ರಾತ್ರಿಪಾಳಿ:
ಆತುರದಲ್ಲಿ ಯಾರೂ ಒತ್ತಬಾರದೆಂದೇ.

ಶರಾವತಿ:
ಬ್ಯಾಂಕುಗಳ ಪಿಡಿಎಫ್ ಪಾಸ್‌ವರ್ಡ್ ಅಭ್ಯಾಸವನ್ನು ಬಿಡಿಸುವ ಬಗೆ ಹೇಗೆಂದು ಯಾರೂ ಹೇಳಲಿಲ್ಲ. ಲೆಕ್ಕಪಟ್ಟಿಯನ್ನು ಬ್ಯಾಂಕಿನ ಜಾಲತಾಣದಲ್ಲಿ ಲಾಗಿನ್ ಆಗಿ ನೋಡುವಂತೆ ಮಾಡಿದರೆ ಲಗತ್ತೇ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಖಾತೆಕಿರ್ದಿ:
ಲಾಗಿನ್ ಆಗಲು ಕಳುಹಿಸುವ ಲಿಂಕ್ ಇಮೇಲ್‌ನಲ್ಲಿಯೇ ಬರುತ್ತದಲ್ಲ, ಮೇಡಂ. ಬಯಲುಸೀಮೆಯವರು ಬರೆದ ಬಾಂಗ್ಲಾದೇಶದ ಕಥೆಯನ್ನು ಇನ್ನೊಮ್ಮೆ ಓದಿ.