ಭೂಮಿ ಅಡ್ಡವಾಗಿದೆ

ಗುಂಪು: ಹತ್ತನೇ ತರಗತಿ 'ಬಿ' ವಿಭಾಗ, 1987
ಡಿಸೆಂಬರ್ 25

ವಾಸಂತಿ (ಅಡ್ಮಿನ್), ಸಂಜೆ 6.10
[ಚಿತ್ರ: ಚಂದ್ರನ ಬೂದು ನೆಲದ ಮೇಲೆ ಮೂಡುತ್ತಿರುವ ನೀಲಿ ಭೂಮಿ]
ಫಾರ್ವರ್ಡ್: "1968. ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆ. ಜೂನ್‌ನಲ್ಲಿ ರಾಬರ್ಟ್ ಕೆನಡಿ ಹತ್ಯೆ. ವಿಯೆಟ್ನಾಂನಲ್ಲಿ ನಿಲ್ಲದ ಯುದ್ಧ. ಡಿಸೆಂಬರ್ 24ರಂದು ಚಂದ್ರನನ್ನು ಸುತ್ತುತ್ತಿದ್ದ ಅಮೆರಿಕದ ನೌಕೆ ಅಪೊಲೊ 8ರಿಂದ ಈ ಚಿತ್ರ ತೆಗೆದರು. ಮರಳಿದ ಮೇಲೆ ನೌಕೆಯ ನಾಯಕ ಫ್ರಾಂಕ್ ಬೋರ್ಮನ್ ಅವರಿಗೆ ಒಂದು ತಂತಿ ಬಂತು: ಧನ್ಯವಾದ, ನೀವು 1968ನ್ನು ಉಳಿಸಿದಿರಿ. ಅಷ್ಟು ದೂರದಿಂದ ಯಾವ ಪಕ್ಷದ ಬಾವುಟವೂ ಕಾಣುವುದಿಲ್ಲ."
ನನಗೆ ತುಂಬಾ ಹಿಡಿಸಿತು. ಜನವರಿ 1ರವರೆಗೆ ಗುಂಪಿನಲ್ಲಿ ರಾಜಕೀಯ ಬೇಡ. ಈ ವರ್ಷ ಯಾರ ಋಣ ನಿಮ್ಮ ಮೇಲಿದೆಯೋ ಅದನ್ನು ಬರೆಯಿರಿ. ಉಳಿದದ್ದನ್ನು ಅಳಿಸುತ್ತೇನೆ.

ಸುರೇಶ, 6.14
ಮೊದಲ ನಮಸ್ಕಾರ ನನ್ನ ಮಂಡಿಗೆ. ಮೂರು ತಿಂಗಳ ನಂತರ ಮೆಟ್ಟಿಲು ಹತ್ತಿದೆ.

ಗಂಗಾಧರ, 6.21
ಫಾರ್ವರ್ಡ್ ಬರೆದ ಪುಣ್ಯಾತ್ಮನಿಗೆ ಇತಿಹಾಸ ಗೊತ್ತಿಲ್ಲ. ಆ ನೌಕೆ ಹಾರಿದ್ದೇ ರಾಜಕೀಯದಿಂದ. ರಷ್ಯಾದವರು ಮೊದಲು ಚಂದ್ರನನ್ನು ಸುತ್ತಿಬಿಟ್ಟಾರು ಎಂಬ ಭಯ ಅಮೆರಿಕಕ್ಕೆ. ಸೆಪ್ಟೆಂಬರ್‌ನಲ್ಲೇ ರಷ್ಯಾದ ಝೋಂಡ್ 5 ನೌಕೆ ಆಮೆಗಳನ್ನು ಹೊತ್ತು ಚಂದ್ರನನ್ನು ಸುತ್ತಿ ಬಂದಿತ್ತು. ಮನುಷ್ಯರಿಗಿಂತ ಮೊದಲು ಆಮೆ! ಇದನ್ನೂ ಅಳಿಸುತ್ತೀಯಾ?

ಸುರೇಶ, 6.23
ಆಮೆ ಗೆಲ್ಲುವುದು ಹಳೆಯ ಕಥೆಯಲ್ಲವೇ?

ರಾಮಚಂದ್ರ, 6.40
ಅಳಿಸುವುದಾದರೆ ಅಳಿಸು ವಾಸಂತಿ, ಆದರೆ ಓದಿ ಅಳಿಸು. ಬ್ಯಾಂಕಿನವರು ನನ್ನನ್ನು ತಮಿಳುನಾಡಿನ ನಾಗಪಟ್ಟಿಣಂ ಕಡೆಗೆ ವರ್ಗ ಮಾಡಿದ್ದಾಗ ಹತ್ತಿರದ ಕೀಳ್‌ವೆಣ್ಮಣಿಗೆ ಹೋಗಿದ್ದೆ. ಅಲ್ಲಿ ಒಂದು ಸ್ಮಾರಕವಿದೆ. 1968ರ ಡಿಸೆಂಬರ್ 25ರ ರಾತ್ರಿ, ಎಂದರೆ ನಿನ್ನ ಚಿತ್ರದ ಮರುದಿನ, ಹೆಚ್ಚು ಕೂಲಿ ಕೇಳಿದ ದಲಿತ ಕೃಷಿ ಕೂಲಿಗಳ ಕೇರಿಗೆ ಜಮೀನ್ದಾರರ ಕಡೆಯವರು ನುಗ್ಗಿದರು. ಒಂದು ಗುಡಿಸಲಿನಲ್ಲಿ ಅಡಗಿದ್ದ 44 ಜನ ಬೆಂದು ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು. ಹೈಕೋರ್ಟಿನಲ್ಲಿ ಜಮೀನ್ದಾರರು ಖುಲಾಸೆಯಾದರು. ಗುಡಿಸಲು ಉರಿದ ಆ ರಾತ್ರಿಯ ಹೊತ್ತಿಗೆ ಅಪೊಲೊದ ಮೂವರೂ ಮನೆಯ ದಾರಿ ಹಿಡಿದಿದ್ದರು. ಕಿಟಕಿಯಿಂದ ಭೂಮಿ ಅಷ್ಟೇ ನೀಲಿಯಾಗಿ ಕಂಡಿರಬೇಕು. ಬಾವುಟ ಕಾಣದಷ್ಟು ದೂರದಿಂದ ಹೊಗೆಯೂ ಕಾಣುವುದಿಲ್ಲ.

ಗಂಗಾಧರ, 6.42
ಹಾಗೆ ಹೇಳು.

ಸುರೇಶ, 6.45
ಹಬ್ಬದ ದಿನ ಇದು ಬೇಕಿತ್ತೇ ರಾಮಚಂದ್ರ?

ರಾಮಚಂದ್ರ, 6.46
ಅವತ್ತೂ ಹಬ್ಬದ ದಿನವೇ.

ವಾಸಂತಿ, 7.15
ಸತ್ತವರನ್ನು ಮರೆಯಿರಿ ಎಂದು ನಾನು ಎಲ್ಲಿ ಹೇಳಿದೆ? ನನ್ನ ತಮ್ಮಂದಿರಿಬ್ಬರು ಹೋದ ಲೋಕಸಭಾ ಚುನಾವಣೆಯ ಫಲಿತಾಂಶದ ದಿನ ಮಾತು ಬಿಟ್ಟವರು. ಕಳೆದ ತಿಂಗಳು ಅಮ್ಮನ ತಿಥಿ. ಒಬ್ಬ ಹನ್ನೆರಡಕ್ಕೆ ಬಂದು ಉಂಡು ಹೋದ. ಇನ್ನೊಬ್ಬ ಅಣ್ಣನ ಕಾರು ಹೊರಟದ್ದನ್ನು ಮೂಲೆಯಂಗಡಿಯಲ್ಲಿ ನಿಂತು ನೋಡಿಕೊಂಡು ಎರಡಕ್ಕೆ ಬಂದ. ಒಂದೇ ತಿಥಿಗೆ ಎರಡು ಸಲ ಎಲೆ ಹಾಕಿದೆ. ಅವರಿಬ್ಬರ ಜಗಳದಿಂದ ಯಾವ ಕೂಲಿಯವನಿಗೆ ಒಂದು ಹಿಡಿ ಭತ್ತ ಹೆಚ್ಚು ಸಿಕ್ಕಿತು, ಹೇಳು ನೋಡೋಣ. ನಾನು ಬೇಡ ಎಂದದ್ದು ಆ ರಾಜಕೀಯವನ್ನು.

(ಮುಕ್ಕಾಲು ಗಂಟೆ ಯಾರೂ ಬರೆಯಲಿಲ್ಲ. ಗಂಗಾಧರ 'ಬರೆಯುತ್ತಿದ್ದಾರೆ' ಎಂದು ಎರಡು ಸಲ ಕಾಣಿಸಿ ಮಾಯವಾದ.)

ರಾಮಚಂದ್ರ, 8.02
ಎರಡು ಎಲೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ನಿನ್ನ ನಿಯಮದಂತೆಯೇ ಬರೆಯುತ್ತೇನೆ. ಈ ವರ್ಷ ಅಪ್ಪನನ್ನು ನೋಡಿಕೊಂಡವಳು ನಮ್ಮ ಬೀದಿಯಾಚೆಯ ಹುಡುಗಿ. ಮಲ ಮೂತ್ರ, ಸ್ನಾನ, ರಾತ್ರಿಯ ಮಾತ್ರೆ, ಎಲ್ಲ ಅವಳೇ. ನಾವು ಕೊಡುತ್ತಿದ್ದ ಸಂಬಳ ಕಡಿಮೆ ಎಂಬುದು ಮೊದಲ ವಾರವೇ ನನಗೆ ಗೊತ್ತಿತ್ತು. ಹೆಚ್ಚಿಸಲು ಹನ್ನೊಂದು ತಿಂಗಳು ಹಿಡಿಯಿತು. ಅದೂ ಅವಳು ಬಾಯಿಬಿಟ್ಟು ಕೇಳಿದ ಮೇಲೆ. ಹನ್ನೊಂದು ತಿಂಗಳೂ ದಿನಾ ಬೆಳಿಗ್ಗೆ 'ನಿನ್ನ ಉಪಕಾರ ಮರೆಯುವುದಿಲ್ಲಮ್ಮ' ಎನ್ನುತ್ತಿದ್ದೆ. ಇದು ಕೃತಜ್ಞತೆಯೋ ರಾಜಕೀಯವೋ ನೀನೇ ತೀರ್ಮಾನಿಸು.

ವಾಸಂತಿ, 8.09
ಎರಡೂ. ಅಳಿಸುವುದಿಲ್ಲ. ಬಾಕಿ ಹನ್ನೊಂದು ತಿಂಗಳದ್ದು ಕೊಟ್ಟೆಯಾ?

ರಾಮಚಂದ್ರ, 8.10
ಇಲ್ಲ.

ವಾಸಂತಿ, 8.10
ವರ್ಷ ಮುಗಿಯಲು ಆರು ದಿನ ಇದೆ.

ಗಂಗಾಧರ, 8.14
ಅಡ್ಮಿನ್ ಎಂದರೆ ಇವಳು! ವಾಸಂತಿ, ನಿನ್ನ ದೊಡ್ಡ ತಮ್ಮ ನನ್ನ ಜೊತೆ ವಾಲಿಬಾಲ್ ಆಡಿದವನು. ಬೇಕಿದ್ದರೆ ಭಾನುವಾರ ಮನೆಗೆ ಹೋಗಿ ಬರುತ್ತೇನೆ.

ವಾಸಂತಿ, 8.15
ಬೇಡ ಮಾರಾಯ. ನೀನು ಹೋದರೆ ಮೂರನೆಯ ಎಲೆ ಹಾಕಬೇಕಾಗುತ್ತದೆ.

ಮುಮ್ತಾಜ್, 8.31
ಈಗ ನೋಡಿದೆ. ಜಗಳ ಬಿಟ್ಟು ಚಿತ್ರದ ವಿಷಯ ಹೇಳಲೇ? ಫಿಸಿಕ್ಸ್ ಪಾಠ ಮಾಡುವವಳ ಚಪಲ, ಕ್ಷಮಿಸಿ. ತೆಗೆದವರು ಆ ಮೂವರಲ್ಲಿ ಒಬ್ಬರಾದ ಬಿಲ್ ಆಂಡರ್ಸ್. ನಾಲ್ಕನೆಯ ಸುತ್ತಿನಲ್ಲಿ ಭೂಮಿ ಕಂಡೊಡನೆ ಬಣ್ಣದ ಫಿಲ್ಮ್ ಬೇಗ ಕೊಡು ಎಂದು ಜೊತೆಗಿದ್ದ ಜಿಮ್ ಲೊವೆಲ್ ಅವರನ್ನು ಅವಸರಪಡಿಸಿದರು. ನಾವು ನೋಡುವುದು ತಿರುಗಿಸಿದ ಚಿತ್ರ. ಆಂಡರ್ಸ್ ನೋಡಿದ್ದು ಹೀಗಲ್ಲ: ಚಂದ್ರನ ಅಂಚು ಬಲಕ್ಕೆ ಗೋಡೆಯಂತೆ ನಿಂತಿತ್ತು, ಭೂಮಿ ಅದರ ಪಕ್ಕದಲ್ಲಿತ್ತು. ಸೂರ್ಯೋದಯದಂತೆ ಕಾಣುವ ಹಾಗೆ ತಿರುಗಿಸಿ ಅಚ್ಚು ಹಾಕಿದರು.

ಗಂಗಾಧರ, 8.33
ಇದರಲ್ಲೂ ಮೋಸ!

ವಾಸಂತಿ, 8.40
ವಾಸಂತಿ ಗುಂಪಿನ ಚಿತ್ರವನ್ನು ಬದಲಿಸಿದ್ದಾರೆ.

ಡಿಸೆಂಬರ್ 26

ಭೂಗೋಳದ ಮೇಷ್ಟ್ರು, ಬೆಳಿಗ್ಗೆ 5.30
ಎಲ್ಲರಿಗೂ ಶುಭೋದಯ. ಮಕ್ಕಳೇ, ಗುಂಪಿನ ಚಿತ್ರ ಅಡ್ಡವಾಗಿದೆ. ಯಾರಾದರೂ ನೆಟ್ಟಗೆ ಮಾಡಿ.