ಅಪ್‌ಡೇಟ್: ದತ್ತು ಮಗಳು ಮತ್ತು ಶಾಲೆ, ಆರು ತಿಂಗಳ ನಂತರ

ನಾಲ್ಕನೆಯ ವಯಸ್ಸಿನಲ್ಲಿ ದತ್ತು ಪಡೆದ ಮಗಳು ಎಂಟನೆಯ ತರಗತಿಗೆ ಬಂದ ಮೇಲೆ ಇದ್ದಕ್ಕಿದ್ದಂತೆ ಶಾಲೆಗೆ ಒಲ್ಲೆ ಎನ್ನುತ್ತಿದ್ದಾಳೆ, ಏನು ಮಾಡಲಿ ಎಂದು ಕೇಳಿದ್ದೆ.

ಕಾರಣ ತಿಳಿಯಿತು: ವಿಜ್ಞಾನದಲ್ಲಿ ಅನುವಂಶೀಯತೆಯ ಪಾಠ. ಕಿವಿಯ ಹಾಲೆ, ಕಣ್ಣಿನ ಬಣ್ಣ ಯಾರಿಂದ ಬಂತೆಂದು ತಂದೆ ತಾಯಿಯನ್ನು ನೋಡಿ ಕೋಷ್ಟಕ ತುಂಬಬೇಕಿತ್ತು. ಅವಳು ಖಾಲಿ ಹಾಳೆ ಕೊಟ್ಟು ಸೋಮಾರಿ ಎನ್ನಿಸಿಕೊಂಡಿದ್ದಳು. ಅಂದು ನಾನೂ ಅದೇ ಮಾತು ಆಡಿದ್ದೆ; ಈಗಲೂ ಚುಚ್ಚುತ್ತದೆ.

ಶಾಲೆಗೆ ಎಲ್ಲವನ್ನೂ ಹೇಳಿಬಿಡಿ ಎಂದು ನಿಮ್ಮಲ್ಲಿ ಹಲವರು ಸಲಹೆ ಕೊಟ್ಟಿದ್ದಿರಿ. ಹಾಗೆ ಮಾಡಲಿಲ್ಲ. ಆ ಕಥೆ ಅವಳದು. ಯಾರಿಗೆ, ಎಷ್ಟು ಹೇಳಬೇಕೆಂದು ಅವಳನ್ನೇ ಕೇಳಿದೆ. ಗ್ರಂಥಾಲಯದ ಮೇಡಂ ಒಬ್ಬರಿಗೆ ಸಾಕು ಎಂದಳು (ತರಗತಿ ಶಿಕ್ಷಕರ ಹೆಸರು ಬರಬಹುದೆಂದು ನಾನು ಎಣಿಸಿದ್ದೆ). ಈಗ ಮನಸ್ಸು ಕದಡಿದಾಗ ಹತ್ತು ನಿಮಿಷ ಅಲ್ಲಿ ಕುಳಿತು ತರಗತಿಗೆ ಮರಳುತ್ತಾಳೆ. ವಂಶವೃಕ್ಷದಂತಹ ಚಟುವಟಿಕೆ ಇದ್ದರೆ ಅವರು ನಮಗೆ ಮೊದಲೇ ತಿಳಿಸುತ್ತಾರೆ. ಅನುವಂಶೀಯತೆಯನ್ನು ಮೆಂಡೆಲ್‌ನ ಬಟಾಣಿ ಗಿಡಗಳಿಂದಲೂ ಕಲಿಯಬಹುದಲ್ಲ!

'ನಿನ್ನ ನಿಜವಾದ ಅಮ್ಮ ಯಾರು?' ಎನ್ನುವವರಿಗೆ ಮನೆಯಲ್ಲೇ ಒಂದು ಉತ್ತರ ಅಭ್ಯಾಸ ಮಾಡಿದೆವು: 'ಅದು ನನ್ನ ಸ್ವಂತ ವಿಷಯ.' ಎರಡು ಬಾರಿ ಬಳಸಿದ್ದಾಳಂತೆ.

ಅಂಕಗಳೇನೂ ಏರಿಲ್ಲ, ಗಣಿತ ಇನ್ನೂ ಕುಂಟುತ್ತಿದೆ. ಆದರೆ ಕಳೆದ ವಾರ ಹೆತ್ತ ತಾಯಿಯ ಬಗ್ಗೆ ತಾನಾಗಿ ಕೇಳಿದಳು. ದತ್ತು ಕಡತವನ್ನು ಜೊತೆಯಾಗಿ ಓದಿದೆವು, ಮೂರೇ ಪುಟ. ಭಾನುವಾರ ಮತ್ತೊಮ್ಮೆ ಓದಬೇಕಂತೆ.